ನೆಲನೆಲ್ಲಿ ಬಳಸುವವರಿಗೆ: ಗಿಡದ ಗುರುತು, ಅಳತೆ, ಮತ್ತು ಕಾಮಾಲೆಯ ಪ್ರಶ್ನೆ

ತೋಟದಂಚು:
ಮಳೆ ಹಿಡಿದು ಮೂರ್ನಾಲ್ಕು ವಾರವಾದರೆ ಸಾಕು, ಪಾತಿಯಲ್ಲಿ, ಬೇಲಿ ಬುಡದಲ್ಲಿ, ಕುಂಡದ ಮೂಲೆಯಲ್ಲಿ ನೆಲನೆಲ್ಲಿ ತಾನಾಗಿ ಏಳುತ್ತದೆ. ಕಾಮಾಲೆಗೆ ಒಳ್ಳೆಯದು, ಮೂತ್ರದ ಕಲ್ಲಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಎಂದು ಕೇಳಿದರೆ ಮಾತ್ರ "ಒಂದು ಹಿಡಿ", "ನಿಂಬೆಹಣ್ಣಿನ ಗಾತ್ರದ ಉಂಡೆ" ಎನ್ನುವ ಉತ್ತರ. ಯಾರ ಹಿಡಿ, ಹಸಿಯದೋ ಒಣಗಿದ್ದೋ ಗೊತ್ತಾಗುವುದಿಲ್ಲ. ಇಲ್ಲಿ ಸಸ್ಯಶಾಸ್ತ್ರ, ಆಯುರ್ವೇದ, ಆಸ್ಪತ್ರೆ ಮೂರೂ ಕಡೆಯವರಿದ್ದೀರಿ. ದಯವಿಟ್ಟು ಬಿಡಿಸಿ ಹೇಳಿ: ಸರಿಯಾದ ಗಿಡ ಯಾವುದು, ಯಾವ ಭಾಗ ಎಷ್ಟು, ಒಣಗಿಸಿ ಇಡುವುದು ಹೇಗೆ, ಕಾಮಾಲೆಗೆ ಇದನ್ನು ಎಷ್ಟರಮಟ್ಟಿಗೆ ನೆಚ್ಚಬಹುದು?

ಎಲೆಮರೆ:
ಗುರುತಿನಿಂದಲೇ ಶುರು ಮಾಡೋಣ. ಗಿಡ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಸಾಮಾನ್ಯವಾಗಿ ಒಂದು ಗೇಣಿನಿಂದ ಎರಡು ಗೇಣು ಎತ್ತರ. ನೆಟ್ಟಗಿನ ನಡುಕಾಂಡ, ಅದರಿಂದ ಅಡ್ಡಕ್ಕೆ ಹೊರಟ ತೆಳು ಕಡ್ಡಿಗಳು. ಮೊದಲ ನೋಟಕ್ಕೆ ಪ್ರತಿ ಕಡ್ಡಿಯೂ ಹುಣಸೆ ಎಲೆಯಂಥ ಸಂಯುಕ್ತ ಎಲೆ ಅನ್ನಿಸುತ್ತದೆ. ಅಲ್ಲ, ಅದು ರೆಂಬೆ. ಅದರ ಎರಡೂ ಬದಿಗೆ ಕೂತಿರುವ, 5ರಿಂದ 10 ಮಿ.ಮೀ. ಉದ್ದದ ಒಂದೊಂದೂ ಬಿಡಿ ಎಲೆ. ಇದನ್ನು ಖಾತ್ರಿ ಮಾಡಿಕೊಳ್ಳಲು ರೆಂಬೆಯನ್ನು ಮೆಲ್ಲಗೆ ಮಗುಚಿ ನೋಡಿ. ಎಲೆಯ ಕಂಕುಳಲ್ಲಿ, ಚಿಕ್ಕ ತೊಟ್ಟಿನಿಂದ, ಸಾಸಿವೆಗಿಂತ ತುಸು ದೊಡ್ಡದಾದ ಹಸಿರು ಕಾಯಿ ಸಾಲಾಗಿ ನೇತಾಡುತ್ತಿರುತ್ತದೆ. ಕಾಯಿ ಪೂರ್ತಿ ಗುಂಡಗಿಲ್ಲ, ಮೇಲೆ ಕೆಳಗೆ ಒತ್ತಿದಂತೆ ಚಪ್ಪಟೆ. ಉಗುರಿನಿಂದ ಬಿಡಿಸಿದರೆ ಮೂರು ಕೋಣೆ, ಕೋಣೆಗೆ ಎರಡರಂತೆ ಆರು ಬೀಜ. ಸಂಯುಕ್ತ ಎಲೆಯ ಕಿರುಎಲೆಗಳ ಬುಡದಲ್ಲಿ ಹೂವಾಗಲಿ ಕಾಯಾಗಲಿ ಬರುವುದೇ ಇಲ್ಲ, ಹಾಗಾಗಿ ಈ ಒಂದು ಪರೀಕ್ಷೆಗೆ ತೊಗಚೆ ಜಾತಿಯ ಸಣ್ಣ ಗಿಡಗಳೆಲ್ಲ ಹೊರಗಾಗುತ್ತವೆ. ಫಿಲಾಂಥಸ್ ಎಂಬ ಕುಲದ ಹೆಸರಿಗೆ ಗ್ರೀಕಿನಲ್ಲಿ ಎಲೆ-ಹೂ ಎಂದೇ ಅರ್ಥ. ನೆಲ್ಲಿಕಾಯಿ ಮರವೂ ಇದೇ ಕುಲದ್ದು.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯ. ಕಾಂಡ ಮುರಿದು ಹತ್ತು ಎಣಿಸಿ. ಬಿಳಿ ಹಾಲು ಒಸರಿದರೆ ಅದು ನೆಲನೆಲ್ಲಿಯಲ್ಲ, ಯೂಫೋರ್ಬಿಯಾ ಬಳಗದ್ದು. ಆ ಹಾಲು ಕಣ್ಣಿಗೂ ಹೊಟ್ಟೆಗೂ ಉರಿ ತರುತ್ತದೆ. ನೆಲನೆಲ್ಲಿಯಲ್ಲಿ ನೀರಿನಂಥ ರಸ ಮಾತ್ರ.

ಕತ್ತಲಾಗುತ್ತಲೇ ಎಲೆಗಳು ಮಡಚಿಕೊಳ್ಳುತ್ತವೆ, ಆದ್ದರಿಂದ ಗುರುತಿಸುವ ಕೆಲಸ ಹಗಲಲ್ಲೇ ಆಗಲಿ. ಮುಟ್ಟಿದ ಕೂಡಲೇ ಮಡಚಿಕೊಂಡು, ಕಾಂಡದಲ್ಲಿ ಮುಳ್ಳಿದ್ದರೆ ಅದು ಮುಟ್ಟಿದರೆ ಮುನಿ.

ಮುಂಗಾರು:
ಒಂದೇ ಪಾತಿಯಲ್ಲಿ ಹಸಿರು ಕಡ್ಡಿಯದೂ ಕೆಂಪು ಛಾಯೆಯ ಕಡ್ಡಿಯದೂ ಇರುತ್ತದಲ್ಲ, ಎರಡೂ ಒಂದೇನಾ? ಕೆಂಪಿಗೆ ಶಕ್ತಿ ಜಾಸ್ತಿ ಅಂತ ಹೇಳುವವರಿದ್ದಾರೆ.

ಎಲೆಮರೆ:
ಒಂದೇ ಅಲ್ಲ. ಬರಿಯ ಕೆಂಪು ಛಾಯೆ ನಂಬಬೇಡಿ, ಬಿಸಿಲಿಗೂ ಕಾಂಡ ಕೆಂಪಾಗುತ್ತದೆ. ಕಾಯಿ ನೋಡಿ. ಕಾಯಿಗೆ ತೊಟ್ಟೇ ಇಲ್ಲದಂತೆ ಕಡ್ಡಿಗೆ ಅಂಟಿಕೊಂಡು, ಮೈ ಒರಟಾಗಿ ಗುಳ್ಳೆಗುಳ್ಳೆಯಾಗಿದ್ದರೆ ಅದು ಫಿಲಾಂಥಸ್ ಯುರಿನೇರಿಯಾ. ಅದರ ಬೀಜದ ಮೇಲೆ ಗೆರೆಗಳು ಅಡ್ಡಕ್ಕೆ ಇರುತ್ತವೆ. ನಯವಾದ ಕಾಯಿ, ಚಿಕ್ಕದಾದರೂ ಸ್ಪಷ್ಟ ತೊಟ್ಟು, ಬೀಜದ ಮೇಲೆ ಉದ್ದುದ್ದ ಗೆರೆ ಇದ್ದರೆ ಫಿಲಾಂಥಸ್ ಅಮಾರಸ್ ಅಥವಾ ಅದರ ಹತ್ತಿರದ ನೆಂಟ ಫ್ರಾಟರ್ನಸ್. ಇವೆರಡನ್ನು ಬೇರೆ ಮಾಡಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ಹೂವಿನ ಪುಷ್ಪಪತ್ರ, ಅಂದರೆ ಎಸಳಿನಂತೆ ಕಾಣುವ ಭಾಗ, ಐದಿದ್ದರೆ ಅಮಾರಸ್, ಆರಿದ್ದರೆ ಫ್ರಾಟರ್ನಸ್. ಒಂದು ಹೂ ಎಣಿಸಿ ತೀರ್ಮಾನಕ್ಕೆ ಬರಬೇಡಿ, ನಾಲ್ಕೈದಾದರೂ ನೋಡಿ.

ಎಲೆ ತುದಿಯಲ್ಲಿ ಅಗಲವಾಗಿ ಬುಡಕ್ಕೆ ಬೆಣೆಯಂತೆ ಕಿರಿದಾಗಿದ್ದು, ನಡುಕಾಂಡದ ಮೇಲೂ ಪೂರ್ತಿ ಎಲೆಗಳಿದ್ದರೆ ಅದು ಮದರಾಸ್‌ಪಟೆನ್ಸಿಸ್. ಅಮಾರಸ್‌ನ ನಡುಕಾಂಡದಲ್ಲಿ ಎಲೆಯ ಬದಲು ಸಣ್ಣ ಹುರುಪೆಗಳಷ್ಟೇ ಇರುತ್ತವೆ. ಎಲೆಗಳೆಲ್ಲ ಪಕ್ಕದ ಕಡ್ಡಿಗಳ ಮೇಲೆ.

ದ್ರವ್ಯಗುಣ:
ಎಲೆಮರೆಯವರ ಮಾತಿಗೆ ಎರಡು ಸೇರಿಸುತ್ತೇನೆ.

ಹಳೆಯ ಪುಸ್ತಕಗಳಲ್ಲಿ ನೆಲನೆಲ್ಲಿಗೆ ಫಿಲಾಂಥಸ್ ನಿರೂರಿ ಎಂದೇ ಹೆಸರು. ನಿರೂರಿ ಅಮೆರಿಕ ಖಂಡದ ಗಿಡ. ಭಾರತದ ಸಸ್ಯಗ್ರಂಥಗಳಲ್ಲಿ ನಿರೂರಿ ಎಂದು ಬರೆದಿದ್ದರಲ್ಲಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಮೂರೂ ಬೆರೆತಿವೆ ಎಂದು 1985ರಲ್ಲಿ ಮಿತ್ರ ಮತ್ತು ಜೈನ್ ತೋರಿಸಿದರು. ಹಾಗಾಗಿ "ನಿರೂರಿ ಮೇಲೆ ಪ್ರಯೋಗ ಆಗಿದೆ" ಎಂದು ಓದಿದಾಗ ಯಾವ ದೇಶದ್ದು, ಯಾವ ಗಿಡ ಎಂದು ಕೇಳಲೇಬೇಕು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಕ್ಷಿಣ ಭಾರತದ 25 ಮೂಲಿಕೆ ಅಂಗಡಿಗಳ ಒಣ ಸರಕನ್ನು ಗುರುತಿನಿಂದಲೂ ಡಿಎನ್‌ಎ ಪರೀಕ್ಷೆಯಿಂದಲೂ ನೋಡಿದ್ದರು. ಶೇ. 76ರಷ್ಟು ಮಾದರಿಗಳಲ್ಲಿ ಬಹುಪಾಲು ಅಮಾರಸ್ ಇತ್ತು. ಉಳಿದವುಗಳಲ್ಲಿ ಬೇರೆ ಐದು ಫಿಲಾಂಥಸ್ ಜಾತಿಗಳಿದ್ದವು. ಪುಡಿಯಾದ ಮೇಲೆ ಕಣ್ಣಿಗೆ ಏನೂ ತಿಳಿಯದು. ಕೊಳ್ಳುವುದಾದರೆ ಕಾಯಿ ಸಮೇತದ ಇಡೀ ಗಿಡ ಕೊಳ್ಳಿ.

ಆಯುರ್ವೇದದಲ್ಲಿ ಇದು ಭೂಮ್ಯಾಮಲಕೀ, ತಾಮಲಕೀ. ಬಳಸುವುದು ಪಂಚಾಂಗ, ಅಂದರೆ ಬೇರು ಸಮೇತ ಇಡೀ ಗಿಡ. ಔಷಧಿಗಳ ಅಧಿಕೃತ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಕೋಪಿಯಾ ಕೊಡುವ ಪ್ರಮಾಣ: ಹಸಿ ರಸ 10ರಿಂದ 20 ಮಿ.ಲೀ., ಒಣಪುಡಿ 3ರಿಂದ 6 ಗ್ರಾಂ. ಇದು ವಯಸ್ಕರ ಲೆಕ್ಕ. "ಒಂದು ಹಿಡಿ"ಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಿ.

ಕುಟ್ಟಾಣಿ:
ಕೊಯ್ಲು, ಒಣಗಿಸುವುದು, ತಯಾರಿ ಕ್ರಮವಾಗಿ ಹೇಳುತ್ತೇನೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಒಣಗಿಸುವಾಗಲೇ.

ಕೀಳಬೇಕಾದ ಹೊತ್ತು: ರೆಂಬೆಯಡಿ ಕಾಯಿ ತುಂಬಿ, ಎಲೆ ಇನ್ನೂ ಕಡುಹಸಿರಾಗಿದ್ದಾಗ. ಮೊಳೆತ ಎರಡು ಮೂರು ತಿಂಗಳಿಗೆ ಬರುತ್ತದೆ. ಕೆಳಗಿನ ಕಡ್ಡಿಗಳು ಹಳದಿಯಾಗತೊಡಗಿದರೆ ತಡವಾಯಿತು, ಎಲೆ ಉದುರಿ ಕೈಗೆ ಬರೀ ಕಡ್ಡಿ ಸಿಗುತ್ತದೆ. ಕಳೆನಾಶಕ ಹೊಡೆದ ಬದು, ಚರಂಡಿ ಅಂಚು, ವಾಹನ ಓಡಾಡುವ ರಸ್ತೆಬದಿಯ ಗಿಡ ಬೇಡ. ಕಳೆನಾಶಕ ಹೊಡೆದ ಮೊದಲ ದಿನಗಳಲ್ಲಿ ಗಿಡ ಹಸಿರಾಗಿಯೇ ಕಾಣುತ್ತದೆ, ನೋಡಿ ತಿಳಿಯಲಾಗದು. ಆ ಜಾಗದ ಚರಿತ್ರೆ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ.

ಬೇರಿನ ಮಣ್ಣನ್ನು ಮೊದಲು ಒಣದಾಗಿಯೇ ಕೊಡವಿ, ಆಮೇಲೆ ಹರಿಯುವ ನೀರಲ್ಲಿ ತೊಳೆಯಿರಿ. ನೆನೆಹಾಕಬೇಡಿ. ನೀರು ಸೋರಲು ಒಂದು ಗಂಟೆ ಬಿಡಿ.

ಒಣಗಿಸುವುದು ನೆರಳಲ್ಲಿ, ಗಾಳಿಯಾಡುವ ಕಡೆ, ಬಟ್ಟೆಯ ಮೇಲೆ, ಒಂದೇ ಪದರ. ಕಟ್ಟು ಕಟ್ಟಿ ತೂಗುಹಾಕಿದರೆ ಎರಡು ನಷ್ಟ. ಕಟ್ಟಿನ ನಡುವೆ ತೇವ ನಿಂತು ಬೂಷ್ಟು ಬರುತ್ತದೆ, ಒಣಗಿದ ಎಲೆಯೆಲ್ಲ ನೆಲಕ್ಕೆ ಉದುರಿಹೋಗುತ್ತದೆ. ಈ ಗಿಡದ ಎಲೆಗೆ ಹಿಡಿತ ಬಹಳ ಕಡಿಮೆ. ಕಿತ್ತ ಮರುದಿನವೇ ಮಡಚಿಕೊಂಡು, ಮೂರನೆಯ ದಿನ ಗಿಡ ಎತ್ತಿದರೆ ಜರಡಿಯಿಂದ ಉದುರಿದಂತೆ ಉದುರುತ್ತದೆ. ಬಟ್ಟೆ ಹಾಸುವುದು ಅದಕ್ಕೇ, ಉದುರಿದ್ದನ್ನು ಗುಡಿಸಿ ಎಸೆಯಬೇಡಿ, ಅದೇ ಸಾರ. ಒಣ ಹವೆಯಲ್ಲಿ 4–6 ದಿನ ಸಾಕು. ಮಳೆಗಾಲದಲ್ಲಿ ಫ್ಯಾನ್ ಗಾಳಿ ಬೇಕೇ ಬೇಕು. ಸುಮಾರು 5 ಕಿಲೋ ಹಸಿ ಗಿಡಕ್ಕೆ 1 ಕಿಲೋ ಒಣ ಗಿಡ ಉಳಿಯುತ್ತದೆ. ಬಲಿತ ಕಾಂಡ ಬಗ್ಗಿಸಿದಾಗ ಬಾಗದೆ 'ಟಕ್' ಎಂದು ಮುರಿಯಬೇಕು. ಬಾಗಿದರೆ ಇನ್ನೊಂದು ದಿನ.

ಪುಡಿ: ಎಲೆ ಬೇಗ ನುಣ್ಣಗಾಗುತ್ತದೆ, ಕಾಂಡ ಬೇರು ನಾರಾಗಿ ಉಳಿಯುತ್ತವೆ. ನಾರನ್ನು ಜರಡಿಯಲ್ಲಿ ಎಸೆದರೆ ಅದು ಪಂಚಾಂಗವಾಗದು. ಮತ್ತೆ ಕುಟ್ಟಿ, ಮತ್ತೆ ಜರಡಿ ಹಿಡಿದು ಕೊನೆಯಲ್ಲಿ ಎಲ್ಲ ಸೇರಿಸಿ ಕಲಸಿ. 5 ಮಿ.ಲೀ. ಚಮಚ ಮಟ್ಟವಾಗಿ ತುಂಬಿದರೆ ನಯವಾದ ಪುಡಿ 2 ಗ್ರಾಂ ಆಸುಪಾಸು. ನಯಕ್ಕೆ ತಕ್ಕಂತೆ ಬದಲಾಗುವುದರಿಂದ ನಿಮ್ಮ ಪುಡಿಯನ್ನು ಒಮ್ಮೆ ತೂಗಿ ಗುರುತು ಹಾಕಿಕೊಳ್ಳಿ.

ಹಸಿ ರಸ: ಕತ್ತರಿಸಿ, ಕಲ್ಲಿನಲ್ಲಿ ಅಥವಾ ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ. ಎಲೆ ಚಿಕ್ಕದಾದ್ದರಿಂದ ರಸ ಬಿಡುವುದು ಕಡಿಮೆ. ಎರಡು ಚಮಚ ನೀರು ಸೇರಿಸಬಹುದು, ಹೆಚ್ಚು ಸೇರಿಸಿದರೆ 10 ಮಿ.ಲೀ. ಎಂಬ ಅಳತೆಗೆ ಅರ್ಥವಿರದು. ಅರ್ಧ ಗಂಟೆಯೊಳಗೆ ಕುಡಿಯಬೇಕು. ಹಸಿರು ಹೋಗಿ ಕಂದಾದ ರಸ ಇಡಬೇಡಿ.

ಕಷಾಯ: ಜಜ್ಜಿದ ಒಣ ಗಿಡ 10 ಗ್ರಾಂ, ನೀರು 160 ಮಿ.ಲೀ., ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ 40 ಮಿ.ಲೀ.ಗೆ ಇಳಿಸುವುದು. ಇದು ಇಡೀ ದಿನದ ಲೆಕ್ಕ, 20 ಮಿ.ಲೀ.ಯಂತೆ ಎರಡು ಹೊತ್ತು. 40ಕ್ಕೆ ಇಳಿಯಿತೆಂದು ತಿಳಿಯಲು ಸುಲಭ ದಾರಿ: ಮೊದಲು ಪಾತ್ರೆಗೆ 40 ಮಿ.ಲೀ. ನೀರು ಮಾತ್ರ ಹಾಕಿ ಒಂದು ಶುದ್ಧ ಕಡ್ಡಿಯನ್ನು ನೆಟ್ಟಗೆ ಅದ್ದಿ, ನೀರು ಮುಟ್ಟಿದ ಕಡೆ ಗೀರು ಹಾಕಿ. ಆಮೇಲೆ ಉಳಿದ 120 ಸೇರಿಸಿ, ಗಿಡ ಹಾಕಿ ಕುದಿಸಿ. ಕುದಿಯುವಾಗ ಆಗಾಗ ಕಡ್ಡಿ ಅದ್ದಿದರೆ ಸಾಕು. ಗಿಡದ ಚೂರೂ ಸೇರುವುದರಿಂದ ಮಟ್ಟ ಗೀರಿಗಿಂತ ಕೂದಲೆಳೆ ಮೇಲಿರುವಾಗಲೇ ಇಳಿಸಿ. ಅಗಲ ಬಾಯಿಯ ಪಾತ್ರೆಯಲ್ಲಿ ಇಷ್ಟು ಕಡಿಮೆ ನೀರು ಅಂಚಿಗೆ ಹತ್ತಿ ಸೀಯುತ್ತದೆ, ಕಿರಿದಾದ ಪಾತ್ರೆ ಹಿಡಿಯಿರಿ. ನಯವಾದ ಪುಡಿಯನ್ನು ಕುದಿಸಿದರೆ ಕೆಸರಾಗಿ ಸೋಸಲು ಬಾರದು, ಕಷಾಯಕ್ಕೆ ತರಿತರಿಯೇ ಬೇಕು.

ತೋಟದಂಚು:
ಕುಟ್ಟಾಣಿಯವರೇ, ಬಹಳ ಉಪಕಾರ. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯ ಕರ್ರಗಾಗುತ್ತದೆ ಎಂದು ಒಬ್ಬರು ಕೇಳಿದ್ದಾರೆ. ಕೆಟ್ಟಿತೆಂದು ಅರ್ಥವೇ?

ಲ್ಯಾಬ್‌ಬೆಂಚು:
ಕಬ್ಬಿಣ ಬೇಡ. ನೆಲನೆಲ್ಲಿಯಲ್ಲಿ ಟ್ಯಾನಿನ್ ಎಂಬ ಒಗರಿನ ಸಾರ ಬಹಳ. ಅದು ಕಬ್ಬಿಣದೊಡನೆ ಸೇರಿ ಮಸಿಯಂಥ ಕಪ್ಪು ಕಟ್ಟುತ್ತದೆ, ಹಳೆಯ ಕಾಲದ ಶಾಯಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಟ್ಯಾನಿನ್ ಹಾಗೆ ಕಟ್ಟಿಕೊಂಡಷ್ಟು ಕಷಾಯದಲ್ಲಿ ನಷ್ಟ. ಸ್ಟೀಲು, ಗಾಜು, ಮಣ್ಣಿನ ಪಾತ್ರೆ ಸರಿ. ಇದೇ ಕಾರಣಕ್ಕೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ಎರಡು ಗಂಟೆಯಾದರೂ ಅಂತರ ಇಡಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಇನ್ನೊಂದು ವಿಷಯ. ಈ ಗಿಡದಲ್ಲಿ ಎರಡು ಬಗೆಯ ಸಾರಗಳಿವೆ. ಜೆರಾನಿನ್, ಕೋರಿಲಾಜಿನ್‌ನಂಥ ಟ್ಯಾನಿನ್‌ಗಳು ನೀರಿಗೆ ಇಳಿಯುತ್ತವೆ. ಫಿಲಾಂಥಿನ್, ಹೈಪೋಫಿಲಾಂಥಿನ್ ಎಂಬ ಲಿಗ್ನಾನ್‌ಗಳು ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಆಲ್ಕೋಹಾಲಿಗೆ ಇಳಿಯುತ್ತವೆ. ಅವು ಹೆಚ್ಚಾಗಿರುವುದು ಎಲೆಯಲ್ಲಿ, ಕಾಂಡದಲ್ಲಿ ತೀರಾ ಕಡಿಮೆ, ಮತ್ತು ಜಾತಿಗಳ ಪೈಕಿ ಅಮಾರಸ್‌ನಲ್ಲಿ ಹೆಚ್ಚು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಲಿವರನ್ನು ವಿಷದಿಂದ ಕಾಪಾಡಿದ ಶ್ರೇಯಸ್ಸು ಬಹುಪಾಲು ಈ ಲಿಗ್ನಾನ್‌ಗಳಿಗೆ ಸಂದಿದೆ. ಆದ್ದರಿಂದ ಕಷಾಯವೂ ಇಡೀ ಪುಡಿಯೂ ಒಂದೇ ಔಷಧಿಯಲ್ಲ. ಪುಡಿ ನುಂಗಿದರೆ ಎರಡೂ ಹೊಟ್ಟೆಗೆ ಹೋಗುತ್ತವೆ, ಕಷಾಯದಲ್ಲಿ ಹೆಚ್ಚಾಗಿ ಟ್ಯಾನಿನ್ ಅಷ್ಟೇ. ಎಲೆ ಉದುರಿದ ಗಿಡ ಬೇಡವೆಂದು ಕುಟ್ಟಾಣಿಯವರು ಹೇಳಿದ್ದಕ್ಕೆ ಇದೇ ಕಾರಣ.

ಮುಂಗಾರು:
ಅಳತೆ ಎಲ್ಲ ಸರಿ. ಆದರೆ ಕಾಮಾಲೆಗೆ ಮೂರು ದಿನ ಬೆಳಗ್ಗೆ ಬರಿಹೊಟ್ಟೆಗೆ ಹಸಿ ಗಿಡ ಅರೆದು ಕೊಟ್ಟರೆ ಎರಡು ಮೂರು ವಾರದಲ್ಲಿ ಕಣ್ಣು ತಿಳಿಯಾಗುತ್ತದೆ ಎಂಬುದು ತಲೆಮಾರುಗಳಿಂದ ಕಂಡ ಮಾತು. ಇಷ್ಟು ಜನ ತಪ್ಪಾಗಿ ನೋಡಿರಲು ಸಾಧ್ಯವೇ?

ವಾರ್ಡ್‌ಸುತ್ತು:
ಅವರು ನೋಡಿದ್ದು ತಪ್ಪಲ್ಲ. ಕಣ್ಣು ತಿಳಿಯಾದದ್ದು ನಿಜ. ತಿಳಿಯಾಗಲು ಕಾರಣ ಯಾವುದು ಎಂಬಲ್ಲಿ ಎಡವಟ್ಟಾಗಿದೆ. ಈ ಇಡೀ ಚರ್ಚೆಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಕಾಮಾಲೆ ಒಂದು ಕಾಯಿಲೆಯಲ್ಲ, ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಏರಿದೆ ಎಂದಷ್ಟೇ ಅದರ ಅರ್ಥ. ಸಾಮಾನ್ಯ ಮಿತಿ ಡೆಸಿಲೀಟರಿಗೆ ಸುಮಾರು 1.2 ಮಿ.ಗ್ರಾಂ. 2.5–3 ದಾಟಿದಾಗ ಕಣ್ಣಿನ ಬಿಳಿಯಲ್ಲಿ ಕಾಣುತ್ತದೆ. ಏರಿದ್ದೇಕೆ ಎಂಬುದಕ್ಕೆ ಹತ್ತಾರು ಉತ್ತರ.

ಅತಿ ಸಾಮಾನ್ಯವಾದದ್ದು ನೀರು ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಇವು ಬಹುಪಾಲು ಜನರಲ್ಲಿ ಯಾವ ಔಷಧಿಯೂ ಇಲ್ಲದೆ ವಾರಗಳಲ್ಲಿ ತಾವೇ ಇಳಿಯುತ್ತವೆ. ಹಳದಿ ಕಂಡ ಮೇಲೆ ಒಂದೆರಡು ವಾರ ಏರಿ, ಆಮೇಲೆ ಇಳಿಮುಖ. ವಯಸ್ಕರಿಗೆ ಹೊಸದಾಗಿ ತಗಲಿದ ಹೆಪಟೈಟಿಸ್ ಬಿ ಕೂಡ ನೂರಕ್ಕೆ 95ರಷ್ಟು ಜನರಲ್ಲಿ ದೇಹದಿಂದಲೇ ಹೊರಗಾಗುತ್ತದೆ. ಕಣ್ಣು ಹಳದಿಯಾದ ಮೇಲೆ ಮೂಲಿಕೆ ಶುರು ಮಾಡುತ್ತಾರೆ, ಕಾಯಿಲೆ ತನ್ನ ಲೆಕ್ಕದಂತೆ ಇಳಿಯುತ್ತದೆ, ಹೆಸರು ಮೂಲಿಕೆಗೆ. ಆ ಮೂರು ದಿನ ಬೇರೆ ಯಾವ ಸೊಪ್ಪು ಅರೆದು ಕೊಟ್ಟಿದ್ದರೂ ಅದಕ್ಕೂ ಇದೇ ಹೆಸರು ಬರುತ್ತಿತ್ತು.

ಇಲ್ಲಿಯವರೆಗೆ ತೊಂದರೆಯಿಲ್ಲ. ತೊಂದರೆ ಉಳಿದ ಕಾಮಾಲೆಗಳಲ್ಲಿ. ಪಿತ್ತನಾಳದಲ್ಲಿ ಕಲ್ಲು ಅಥವಾ ಗಡ್ಡೆ ಅಡ್ಡ ಕೂತಿದ್ದರೆ ಮಲ ಸುಣ್ಣದಂತೆ ಬಿಳಚಿಕೊಳ್ಳುತ್ತದೆ, ಮೂತ್ರ ಗಾಢವಾಗುತ್ತದೆ, ಮೈಯೆಲ್ಲ ತುರಿಕೆ. ಇಲ್ಲಿ ಯಾವ ಸೊಪ್ಪಿಗೂ ಕೆಲಸವಿಲ್ಲ, ಅಡ್ಡಿ ತೆಗೆಯಬೇಕು. ಇದಕ್ಕೆ ಚಳಿಜ್ವರ, ಬಲಪಕ್ಕೆಯಡಿ ನೋವು ಸೇರಿದರೆ ಪಿತ್ತನಾಳಕ್ಕೆ ಸೋಂಕು ತಗಲಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆ ಸೇರಬೇಕು. ಮಲೇರಿಯಾ, ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ, ಇವಕ್ಕೆ ನಿರ್ದಿಷ್ಟ ಔಷಧಿಯಿದೆ, ತಡವಾದರೆ ಜೀವ ಹೋಗುತ್ತದೆ. ಕ್ಷಯದ ಮಾತ್ರೆಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ತೆಗೆದುಕೊಳ್ಳುತ್ತಿರುವಾಗ ಹಳದಿ ಕಂಡರೆ ಕ್ಷಯದ ವೈದ್ಯರಿಗೆ ಅಂದೇ ತಿಳಿಸಬೇಕು. ಅದು ಮಾತ್ರೆಯಿಂದಲೇ ಆದ ಲಿವರ್ ಹಾನಿಯಿರಬಹುದು. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಬಹಳ ಅಪಾಯಕಾರಿ. ಹಸುಗೂಸಿನ ಕಾಮಾಲೆಗೆ ಬೆಳಕಿನ ಚಿಕಿತ್ಸೆ ಇದೆ, ಅದರ ಬಾಯಿಗೆ ಯಾವ ರಸವನ್ನೂ ಹಾಕಬೇಡಿ.

ಮನೆಯವರು ಗಮನಿಸಬೇಕಾದ ಒಂದು ಚಿಹ್ನೆಯನ್ನು ಬಿಡಿಸಿ ಹೇಳುತ್ತೇನೆ. ರೋಗಿ ಹಗಲೆಲ್ಲ ಮಂಪರು, ರಾತ್ರಿ ಎಚ್ಚರ. ಎಂದಿಲ್ಲದ ಸಿಡುಕು, ಮಾತು ತಡವರಿಸುವುದು, ಗೊತ್ತಿರುವ ಲೆಕ್ಕ ತಪ್ಪುವುದು. ಕೈ ಮುಂದೆ ಚಾಚಿ ಮಣಿಕಟ್ಟನ್ನು ಮೇಲಕ್ಕೆ ಬಗ್ಗಿಸಿ ಹಿಡಿಯಲು ಹೇಳಿದರೆ ಅಂಗೈ ರೆಕ್ಕೆ ಬಡಿದಂತೆ ಪಟಪಟ ಕುಸಿಯುವುದು. ಇದು "ನಿಶ್ಶಕ್ತಿ" ಅಲ್ಲ, ಲಿವರ್ ಕೈಕೊಟ್ಟು ಮಿದುಳಿಗೆ ಏಟು ಬೀಳುತ್ತಿರುವ ಗುರುತು. ಒಸಡಿನಲ್ಲಿ ರಕ್ತ, ನಿಲ್ಲದ ವಾಂತಿ ಕೂಡ ಇದೇ ಸಾಲಿನವು. ಆಗ ಕಷಾಯಕ್ಕೆ ಒಲೆ ಹಚ್ಚುವ ಹೊತ್ತಲ್ಲ.

ಮೊದಲ ದಿನವೇ ಮಾಡಿಸಬೇಕಾದ್ದು: ಬಿಲಿರುಬಿನ್, ಲಿವರ್ ಕಿಣ್ವಗಳು, ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಯಾದ ಐಎನ್‌ಆರ್, ಹೆಪಟೈಟಿಸ್ ವೈರಸ್ ಪರೀಕ್ಷೆಗಳು, ಬೇಕಾದರೆ ಹೊಟ್ಟೆಯ ಸ್ಕ್ಯಾನ್. ಬಿಲಿರುಬಿನ್ ಸಂಖ್ಯೆ ದೊಡ್ಡದಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ, ವೈದ್ಯರು ಹೆಚ್ಚು ಹೆದರುವುದು ಏರಿದ ಐಎನ್‌ಆರ್‌ಗೆ.

ಮುಂಗಾರು:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಡಾಕ್ಟ್ರೇ. ಒಪ್ಪಿದೆ. ಆದರೆ ಹೆಪಟೈಟಿಸ್ ಬಿ ವೈರಸನ್ನೇ ಇದು ಓಡಿಸುತ್ತದೆ ಎಂದು ದೊಡ್ಡ ಪತ್ರಿಕೆಯಲ್ಲೇ ಬಂದಿತ್ತಂತೆ?

ಲ್ಯಾಬ್‌ಬೆಂಚು:
ಬಂದಿತ್ತು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಪ್ರಯೋಗ. ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೆಂದು ತೋರಿಸುವ, ಆಂಟಿಜನ್ ಎಂಬ ವೈರಸ್ಸಿನ ಪ್ರೋಟೀನ್ ಕಂಡುಹಿಡಿದು 1976ರ ನೊಬೆಲ್ ಹಂಚಿಕೊಂಡ ಬ್ಲಂಬರ್ಗ್ ಕೂಡ ಲೇಖಕರಲ್ಲೊಬ್ಬರು. ವೈರಸ್ ಹೊತ್ತವರಿಗೆ ಅಮಾರಸ್ ಒಣಪುಡಿ 200 ಮಿ.ಗ್ರಾಂ.ನಂತೆ ದಿನಕ್ಕೆ ಮೂರು ಬಾರಿ, 30 ದಿನ. ಪುಡಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಿಂದ ಆಂಟಿಜನ್ ಮಾಯವಾಗಿತ್ತು. ಹುಸಿಮಾತ್ರೆ ತೆಗೆದುಕೊಂಡ 23ರಲ್ಲಿ ಒಬ್ಬರಿಗೆ ಮಾತ್ರ. ಅಷ್ಟು ದೊಡ್ಡ ವ್ಯತ್ಯಾಸ ನೋಡಿ ಜಗತ್ತೇ ತಿರುಗಿ ನೋಡಿತು.

ಆಮೇಲಿನದು ಯಾರೂ ಹೇಳುವುದಿಲ್ಲ. 1990ರಲ್ಲಿ ಅದೇ ಪತ್ರಿಕೆಯಲ್ಲಿ ಥಾಯ್ಲೆಂಡಿನ ಪ್ರಯೋಗ ಬಂತು, ಪರಿಣಾಮ ಕಾಣಲಿಲ್ಲ. ಬೇರೆ ಕಡೆಗಳಲ್ಲೂ ಮೊದಲ ಫಲಿತಾಂಶ ಮರುಕಳಿಸಲಿಲ್ಲ. ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ ಪ್ರಯೋಗಗಳನ್ನು ಒಟ್ಟಿಗೆ ತೂಗಿ, ದೀರ್ಘಕಾಲದ ಹೆಪಟೈಟಿಸ್ ಬಿಗೆ ಫಿಲಾಂಥಸ್ ಹುಸಿಮಾತ್ರೆಗಿಂತ ಮೇಲು ಎನ್ನಲು ನಂಬಲರ್ಹ ಪುರಾವೆ ಇಲ್ಲ ಎಂದಿತು. ಮೊದಲ ಪ್ರಯೋಗ ಮಾಡಿದವರ ಪ್ರಾಮಾಣಿಕತೆ ಇಲ್ಲಿ ಪ್ರಶ್ನೆಯಲ್ಲ. ಸಣ್ಣ ಗುಂಪು, ಕಡಿಮೆ ಅವಧಿ, ಗಿಡ ಬೆಳೆದ ನೆಲ ಮತ್ತು ಋತು, ಎಲ್ಲವೂ ಫಲಿತಾಂಶವನ್ನು ಅಲುಗಿಸುತ್ತವೆ.

ವಾರ್ಡ್‌ಸುತ್ತು:
ಇವತ್ತು ಟೆನೋಫೊವಿರ್, ಎಂಟೆಕಾವಿರ್ ಎಂಬ ಮಾತ್ರೆಗಳು ಬಿ ವೈರಸನ್ನು ವರ್ಷಗಟ್ಟಲೆ ಅದುಮಿಡುತ್ತವೆ. ಸಿ ವೈರಸ್ 8–12 ವಾರದ ಮಾತ್ರೆಯಿಂದ ಬಹುತೇಕ ಎಲ್ಲರಲ್ಲಿ ಪೂರ್ತಿ ಹೋಗುತ್ತದೆ. ಟೆನೋಫೊವಿರ್ ನಿಲ್ಲಿಸಿ ನೆಲನೆಲ್ಲಿ ಹಿಡಿಯುವುದಂತೂ ಬೇಡವೇ ಬೇಡ. ಮಾತ್ರೆ ದಿಢೀರ್ ನಿಲ್ಲಿಸಿದರೆ ವೈರಸ್ ಮೇಲೆದ್ದು ಲಿವರ್ ಒಮ್ಮೆಲೇ ಕುಸಿಯಬಹುದು.

ತೋಟದಂಚು:
ಹಾಗಾದರೆ ಮೂತ್ರದ ಕಲ್ಲಿನ ಮಾತೂ ಇಷ್ಟೇನಾ?

ದ್ರವ್ಯಗುಣ:
ಅಲ್ಲಿ ಸ್ವಲ್ಪ ಗಟ್ಟಿ ನೆಲವಿದೆ, ಆದರೆ ಕಲ್ಲು ಕರಗಿಸುತ್ತದೆ ಎಂಬ ಮಾತು ಸರಿಯಲ್ಲ. ಬ್ರೆಜಿಲ್‌ನಲ್ಲಿ ನಿರೂರಿ ಮೇಲೆ ಬಹಳ ಕೆಲಸ ನಡೆದಿದೆ. ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಒಂದಕ್ಕೊಂದು ಅಂಟಿ ಬೆಳೆಯುವುದನ್ನು ಅದರ ಸಾರ ತಡೆಯುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುವವರಲ್ಲಿ ಮೂರು ತಿಂಗಳ ಬಳಕೆಯಿಂದ ಆ ಕ್ಯಾಲ್ಸಿಯಂ ಇಳಿದದ್ದು 2004ರ ಅಧ್ಯಯನದಲ್ಲಿ ಕಂಡಿದೆ. 2006ರಲ್ಲಿ ಇಟಲಿಯವರು, ಆಘಾತ ತರಂಗದಿಂದ ಕಲ್ಲು ಪುಡಿ ಮಾಡಿಸಿಕೊಂಡ 150 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 2 ಗ್ರಾಂ ಸಾರ ಕೊಟ್ಟು ನೋಡಿದರು. ಮೂತ್ರಪಿಂಡದ ಕೆಳಭಾಗದಲ್ಲಿ ಕಲ್ಲಿದ್ದವರಲ್ಲಿ ಚೂರುಗಳು ಹೊರಹೋಗಲು ಅದು ನೆರವಾಗಿತ್ತು. ಗಮನಿಸಿ, ಎರಡರಲ್ಲೂ ಬಳಸಿದ್ದು ನಿರೂರಿ, ನಮ್ಮ ಪಾತಿಯ ಅಮಾರಸ್ ಅಲ್ಲ. ಹತ್ತಿರದ ನೆಂಟನೆಂದು ಫಲವನ್ನು ಹಾಗೇ ಎತ್ತಿ ಇಟ್ಟುಕೊಳ್ಳಲಾಗದು.

ಇಲ್ಲೂ ವಾರ್ಡ್‌ಸುತ್ತು ಅವರ ಮಾತು ಅನ್ವಯಿಸುತ್ತದೆ. 4–5 ಮಿ.ಮೀ.ಗಿಂತ ಸಣ್ಣ ಕಲ್ಲು ಬಹುಪಾಲು ತಾನೇ ಜಾರಿ ಹೋಗುತ್ತದೆ. 10 ಮಿ.ಮೀ. ದಾಟಿದ್ದು ಏನು ಕುಡಿದರೂ ಹೋಗುವುದು ಅಪರೂಪ. ಕಲ್ಲಿನವರಿಗೆ ಖಚಿತವಾಗಿ ಉಪಯೋಗವಾಗುವುದು ನೀರು: ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಬರುವಷ್ಟು. ಕಷಾಯವನ್ನು ಅದರ ಜೊತೆಗೆ ಇಟ್ಟುಕೊಳ್ಳಬಹುದು, ಅದರ ಬದಲಿಗಲ್ಲ. ಕಲ್ಲಿನ ನೋವಿನ ಜೊತೆ ಜ್ವರ ಬಂದರೆ ಅಥವಾ ಮೂತ್ರ ನಿಂತರೆ ತಡಮಾಡಬೇಡಿ, ಒಂದೇ ದಿನದಲ್ಲಿ ಮೂತ್ರಪಿಂಡ ಹಾಳಾಗಬಹುದು.

ಲ್ಯಾಬ್‌ಬೆಂಚು:
ಯಾರಿಗೆ ಬೇಡ ಎಂಬುದು ಯಾರೂ ಬರೆದಿಲ್ಲ. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇರುವವರು ವೈದ್ಯರಿಗೆ ಹೇಳದೆ ಬೇಡ, ಸಕ್ಕರೆ ಇನ್ನೂ ಇಳಿಯುವ ಸಾಧ್ಯತೆಯಿದೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೂ ಅದೇ ಮಾತು. ಅಮಾರಸ್ ಸಾರ ಲಿವರಿನ ಸಿವೈಪಿ3ಎ4 ಕಿಣ್ವವನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ. ನಾವು ನುಂಗುವ ಎಷ್ಟೋ ಮಾತ್ರೆಗಳನ್ನು ಒಡೆದು ಹೊರಹಾಕುವ ಕಿಣ್ವ ಅದು. ಅದು ನಿಧಾನವಾದರೆ ಅದೇ ಮಾತ್ರೆ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಅಂಗ ಕಸಿ ಮಾಡಿಸಿಕೊಂಡವರ ಟ್ಯಾಕ್ರೊಲಿಮಸ್‌ನಂಥ ಔಷಧಿಗಳಲ್ಲಿ ಇಂಥ ಏರುಪೇರು ದೊಡ್ಡ ಅಪಾಯ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆ ನಿಲ್ಲಿಸಿ.

ಮುಂಗಾರು:
ಚರ್ಮದ ತುರಿಕೆಗೆ ಎಲೆ ಅರೆದು ಹಚ್ಚುವುದು? ಕಣ್ಣಿಗೆ ರಸ ಬಿಡುವುದು?

ಕುಟ್ಟಾಣಿ:
ತುರಿಕೆಗೆ ಹಸಿ ಎಲೆ ಉಪ್ಪಿನ ಜೊತೆ ಅರೆದು ಹಚ್ಚುವುದು ರೂಢಿಯಲ್ಲಿದೆ. ಒಡೆದ ಚರ್ಮಕ್ಕೆ ಉರಿಯುತ್ತದೆ, ಮೊದಲು ಮುಂಗೈಗೆ ಚೂರು ಹಚ್ಚಿ ಒಂದು ದಿನ ನೋಡಿ. ಕಣ್ಣಿಗೆ, ಮೂಗಿಗೆ ಖಂಡಿತ ಬೇಡ. ಬಟ್ಟೆಯಲ್ಲಿ ಹಿಂಡಿದ ರಸದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ, ಕಣ್ಣಿನ ಕಪ್ಪುಗುಡ್ಡೆಗೆ ಹುಣ್ಣಾದರೆ ದೃಷ್ಟಿಯೇ ಹೋದೀತು.

ತೋಟದಂಚು:
ಕೊನೆಯದಾಗಿ ಎರಡು. ಪುಡಿ ಎಷ್ಟು ದಿನ ಇರುತ್ತದೆ? ವರ್ಷವಿಡೀ ಹಸಿ ಗಿಡ ಬೇಕಾದರೆ ಬೀಜ ಹಾಕಬಹುದೇ?

ಕುಟ್ಟಾಣಿ:
ಪುಡಿಗೆ ಶಾಸ್ತ್ರ ಹೇಳುವುದು ಎರಡು ತಿಂಗಳು. ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಕತ್ತಲಲ್ಲಿ ಇಟ್ಟರೆ ಅದಕ್ಕಿಂತ ಹೆಚ್ಚು ಇರಬಹುದು, ಆದರೆ ಪುಡಿ ಮಾಡಿಡುವುದಕ್ಕಿಂತ ಒಣ ಗಿಡ ಇಟ್ಟು ತಿಂಗಳಿಗೆ ಬೇಕಾದಷ್ಟೇ ಕುಟ್ಟುವುದು ಮೇಲು. ಪುಡಿಯನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಉದುರಬೇಕು. ಉಂಡೆ ನಿಂತರೆ ತೇವ ಸೇರಿದೆ. ಮುಗ್ಗಲು ವಾಸನೆ ಬಂದರೆ ಮತ್ತೆ ಒಣಗಿಸಿ ಉಳಿಸಿಕೊಳ್ಳಲು ಹೋಗಬೇಡಿ. ಬೂಷ್ಟಿನ ವಿಷಗಳಲ್ಲಿ ಅಫ್ಲಾಟಾಕ್ಸಿನ್ ನೇರವಾಗಿ ಲಿವರಿಗೇ ಹೊಡೆಯುತ್ತದೆ, ಬಿಸಿಲಿಗೂ ಒಲೆಗೂ ಅದು ಹೋಗುವುದಿಲ್ಲ. ಬಾಟಲಿಯ ಮೇಲೆ ಗಿಡದ ಹೆಸರು, ಕಿತ್ತ ಜಾಗ, ಒಣಗಿಸಿದ ತಾರೀಕು ಬರೆದಿಡಿ.

ಎಲೆಮರೆ:
ಬೀಜ ಸುಲಭ. ಕಾಯಿ ಹಸಿರಿನಿಂದ ಹುಲ್ಲುಬಣ್ಣಕ್ಕೆ ತಿರುಗಿದಾಗ ಇಡೀ ಗಿಡ ಕಿತ್ತು ಕಾಗದದ ಚೀಲದೊಳಗೆ ತಲೆಕೆಳಗಾಗಿ ಇಡಿ. ಕಾಯಿ ಸಿಡಿದು ಬೀಜ ತಳದಲ್ಲಿ ಸೇರುತ್ತದೆ. ಬಟ್ಟೆಯ ಮೇಲೆ ಬಿಟ್ಟರೆ ಸಿಡಿದು ಚೆಲ್ಲಾಪಿಲ್ಲಿ. ಬೀಜ 1 ಮಿ.ಮೀ. ಅಷ್ಟೇ ಇರುವುದರಿಂದ ಒಂದು ಚಿಟಿಕೆ ಬೀಜಕ್ಕೆ ನಾಲ್ಕು ಚಮಚ ಒಣ ಮರಳು ಬೆರೆಸಿ ಉದುರಿಸಿ. ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಇದಕ್ಕೆ ಬೆಳಕು ಬೇಕು. ಆಳಕ್ಕೆ ಹಾಕಿದ್ದು ಮೊಳೆಯದೆ ಉಳಿದು, ಮಣ್ಣು ಕೆದಕಿದಾಗ ಏಳುತ್ತದೆ. ಕೊಡದಿಂದ ಸುರಿದರೆ ಬೀಜ ಒಂದು ಮೂಲೆಗೆ ತೊಳೆದು ಹೋಗುವುದರಿಂದ ನೀರನ್ನು ಸಿಂಪಡಿಸಿ. ತಿಂಗಳಿಗೊಂದು ಕುಂಡದಂತೆ ಹಾಕುತ್ತ ಹೋದರೆ ಕಾಯಿ ತುಂಬಿದ ಗಿಡ ಯಾವಾಗಲೂ ಒಂದಿಲ್ಲೊಂದು ಕುಂಡದಲ್ಲಿ ಇರುತ್ತದೆ, ಮೊದಲ ಕುಂಡದ ಗಿಡ ಹೂಬಿಟ್ಟಾಗ ಪುಷ್ಪಪತ್ರ ಎಣಿಸಿ ಜಾತಿ ಖಾತ್ರಿ ಮಾಡಿಕೊಂಡರೆ ಮುಂದಿನವಕ್ಕೆ ಅದೇ ಬೀಜ ಸಾಕು.